ನೆರಳು ಮಾರಿ ಬದುಕಿದವಳು, ಮಂಗಳದಲ್ಲೊಂದು ಪುಟ್ಟ ಗಾಡಿ

ಬೆಳಿಗ್ಗೆ ಎದ್ದು ಫೋನ್ ಕೈಗೆತ್ತಿಕೊಂಡರೆ ನಾನು ಮೊದಲು ನೋಡೋದು ಮಂಗಳ ಗ್ರಹವನ್ನು. ಚಟ ಅಂದ್ಕೊಳ್ಳಿ. ಪರ್ಸೆವೆರೆನ್ಸ್ ರೋವರ್ ನಿನ್ನೆ ಯಾವ ಬಂಡೆ ಮುಂದೆ ನಿಂತಿತ್ತು, ಕ್ಯೂರಿಯಾಸಿಟಿಯ ಚಕ್ರದಲ್ಲಿ ಹೊಸದಾಗಿ ತೂತು ಬಿದ್ದಿದೆಯಾ, ಧೂಳು ಹೆಚ್ಚಾಗಿದೆಯಾ ಅಂತ ನೋಡಿದ ಮೇಲೇ ಕಾಫಿ. ರೋವರ್ ಕಳಿಸಿದ ಚಿತ್ರಗಳನ್ನು ನಾಸಾ ಸಿಂಗಾರ ಮಾಡದೆ, ಬಂದ ಹಾಗೇ ಜನರ ಮುಂದೆ ಹಾಕುತ್ತೆ. ನಮ್ಮಂಥವರು ಅದನ್ನಿಳಿಸಿಕೊಂಡು, ಬಣ್ಣ ಸರಿಪಡಿಸಿ, ಹತ್ತು ಚಿತ್ರ ಸೇರಿಸಿ ಒಂದು ದಿಗಂತ ಕಟ್ಟಿ, ಖುಷಿಪಡ್ತೀವಿ. ಇದರಿಂದ ಯಾರಿಗೆ ಏನು ಉಪಯೋಗ ಅಂತ ಮನೆಯಲ್ಲಿ ಕೇಳ್ತಾರೆ. ನನ್ನ ಹತ್ತಿರ ಉತ್ತರ ಇಲ್ಲ.

ಚಟ ಅಂಟಿದ್ದು 1997ರಲ್ಲಿ. ಆಗ ನಾನು ಆರನೇ ಕ್ಲಾಸು. ಮೇಷ್ಟ್ರು ಪೇಪರಿನಿಂದ ಕತ್ತರಿಸಿದ ಒಂದು ಚಿತ್ರವನ್ನು ನೋಟಿಸ್ ಬೋರ್ಡಿಗೆ ಅಂಟಿಸಿದ್ದರು. ಕೆಂಪು ಮಣ್ಣಿನಲ್ಲಿ, ಒಂದು ದೊಡ್ಡ ಕಲ್ಲಿಗೆ ಮೂತಿ ಒತ್ತಿಕೊಂಡು ನಿಂತ ಆರು ಚಕ್ರದ ಪುಟ್ಟ ಗಾಡಿ. ಹೆಸರು ಸೋಜರ್ನರ್. ಅಂದ್ರೆ ಪಯಣಿಗ, ಎಲ್ಲೂ ನೆಲೆ ನಿಲ್ಲದೆ ತಂಗಿ ಹೋಗುವವರು ಅಂತ ಮೇಷ್ಟ್ರು ಹೇಳಿದರು. ಎಷ್ಟೋ ವರ್ಷ ನನಗೆ ಗೊತ್ತಿದ್ದದ್ದು ಅಷ್ಟೇ. ಅದು ಒಬ್ಬಳು ಹೆಂಗಸಿನ ಹೆಸರು, ಆ ಹೆಂಗಸು ಒಂದು ಕಾಲಕ್ಕೆ ಕುರಿಮಂದೆ ಜೊತೆಗೆ ಹರಾಜಾಗಿದ್ದವಳು ಅನ್ನೋದು ತಿಳಿದಾಗ ನನಗೆ ಮೂವತ್ತು ದಾಟಿತ್ತು. ಅವತ್ತಿನಿಂದ ಆ ಗಾಡಿಯ ಚಿತ್ರ ನೋಡುವ ರೀತಿಯೇ ಬದಲಾಯಿತು. ಹಾಗಾಗಿ ಅವಳ ಕಥೆ ಬರೀತಿದ್ದೀನಿ.

ಹುಟ್ಟಿದಾಗ ಅವಳ ಹೆಸರು ಇಸಬೆಲ್ಲಾ. ನ್ಯೂಯಾರ್ಕ್ ರಾಜ್ಯದ ಅಲ್ಸ್ಟರ್ ಕೌಂಟಿ, 1797ರ ಆಸುಪಾಸು. ಗುಲಾಮರ ಮಕ್ಕಳು ಹುಟ್ಟಿದ ದಿನ ಬರೆದಿಡುವ ರೂಢಿ ಇರಲಿಲ್ಲ, ಹಾಗಾಗಿ ತಾರೀಖಿಲ್ಲ. ಅಮೆರಿಕದ ಗುಲಾಮಗಿರಿ ಅಂದ್ರೆ ನಮ್ಮ ಕಣ್ಣಿಗೆ ಬರೋದು ದಕ್ಷಿಣದ ಹತ್ತಿ ಹೊಲ. ಉತ್ತರದಲ್ಲೂ, ಅದೂ ನ್ಯೂಯಾರ್ಕಿನಲ್ಲಿ, ಗುಲಾಮರಿದ್ದರು. ಅವಳ ಯಜಮಾನರು ಡಚ್ ಮೂಲದವರು. ಅವಳ ತಾಯ್ನುಡಿಯೂ ಡಚ್. ಒಂಬತ್ತು ವರ್ಷದವರೆಗೆ ಇಂಗ್ಲಿಷಿನ ಒಂದು ಪದ ಅವಳಿಗೆ ಬರ್ತಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಅಪ್ಪ ಜೇಮ್ಸ್, ಅಮ್ಮ ಎಲಿಜಬೆತ್. ಅವರಿಗೆ ಹತ್ತಕ್ಕೂ ಹೆಚ್ಚು ಮಕ್ಕಳು, ಬಹುತೇಕ ಎಲ್ಲರೂ ಒಬ್ಬೊಬ್ಬರಾಗಿ ಮಾರಾಟವಾಗಿ ಹೋದರು. ಐದು ವರ್ಷದ ಅಣ್ಣ, ಮೂರು ವರ್ಷದ ಅಕ್ಕ ಇಬ್ಬರನ್ನೂ ಒಂದು ಚಳಿಗಾಲದ ಬೆಳಿಗ್ಗೆ ಹಿಮದ ಗಾಡಿಯಲ್ಲಿ ತುಂಬಿಕೊಂಡು ಹೋದ ಕಥೆಯನ್ನು ಅಮ್ಮ ಮತ್ತೆ ಮತ್ತೆ ಹೇಳುತ್ತಿದ್ದಳಂತೆ. ಗಾಡಿ ಸವಾರಿ ಅಂತ ಹುಡುಗ ಮೊದಲು ಕುಣಿದಾಡಿದ್ದ. ತಂಗಿಯನ್ನು ಪೆಟ್ಟಿಗೆಯೊಳಗೆ ಹಾಕಿ ಮುಚ್ಚಿದ್ದು ಕಂಡ ಮೇಲೆ ಮನೆಯೊಳಗೆ ಓಡಿ ಮಂಚದ ಕೆಳಗೆ ಅಡಗಿದ. ಎಳೆದುಕೊಂಡು ಹೋದರು.

ಸಂಜೆ ಆದ ಮೇಲೆ ಆ ತಾಯಿ ಉಳಿದ ಮಕ್ಕಳನ್ನು ಹೊರಗೆ ಕೂರಿಸಿಕೊಂಡು ಆಕಾಶ ತೋರಿಸುತ್ತಿದ್ದಳು. ಹೋದ ಮಕ್ಕಳು ಎಲ್ಲಿದ್ದಾರೋ ಗೊತ್ತಿಲ್ಲ, ಆದರೆ ಎಲ್ಲೇ ಇದ್ದರೂ ಅವರೂ ತಲೆಯೆತ್ತಿದರೆ ಕಾಣೋದು ಇದೇ ಚಂದ್ರ, ಇದೇ ನಕ್ಷತ್ರಗಳು ಅಂತ ಹೇಳಿಕೊಡುತ್ತಿದ್ದಳು. ಇಸಬೆಲ್ಲಾ ಮುದುಕಿಯಾದ ಮೇಲೂ ಇದನ್ನು ಮರೆತಿರಲಿಲ್ಲ. ಖಗೋಳ ಹುಚ್ಚಿರುವ ನಾವು ಆಕಾಶದ ಬಗ್ಗೆ ಬೇಕಾದಷ್ಟು ರಮ್ಯವಾಗಿ ಮಾತಾಡ್ತೀವಿ. ಬೇರೆ ಯಾವ ದಾರಿಯೂ ಇಲ್ಲದ ಮನೆಯವರು ಒಬ್ಬರನ್ನೊಬ್ಬರು ನೋಡಿಕೊಳ್ಳೋದಕ್ಕೆ ಆಕಾಶ ಒಂದೇ ಉಳಿದಿತ್ತು ಅನ್ನೋದು ನನಗೆ ಹೊಳೆದಿರಲೇ ಇಲ್ಲ.

1806ರ ಸುಮಾರಿಗೆ, ಒಂಬತ್ತನೇ ವಯಸ್ಸಿನಲ್ಲಿ, ಅವಳ ಸರದಿ ಬಂತು. ಒಂದು ಕುರಿಮಂದೆಯ ಜೊತೆ ಸೇರಿಸಿ 100 ಡಾಲರಿಗೆ ಮಾರಿದರು. ಕೊಂಡ ಮನೆಯವರದ್ದು ಇಂಗ್ಲಿಷ್, ಇವಳದ್ದು ಡಚ್. ಏನೋ ತಾ ಅಂದರೆ ಇನ್ನೇನೋ ತರ್ತಿದ್ದಳು, ಅದಕ್ಕೆ ಏಟು. ಕಡ್ಡಿಗಳನ್ನು ಕಟ್ಟಿ ಕೆಂಡದಲ್ಲಿ ಕಾಯಿಸಿ ಹೊಡೆದ ಗಾಯದ ಗುರುತು ಸಾಯುವವರೆಗೂ ಅವಳ ಬೆನ್ನ ಮೇಲಿತ್ತು. ಭಾಷೆ ಬರದಿದ್ದುದಕ್ಕೆ ತಿಂದ ಏಟು ಅದು. ಆಮೇಲೆ 105 ಡಾಲರಿಗೆ ಒಬ್ಬ ಹೆಂಡದಂಗಡಿಯವನಿಗೆ, 1810ರಲ್ಲಿ 175 ಡಾಲರಿಗೆ ಜಾನ್ ಡ್ಯೂಮಾಂಟ್ ಅನ್ನುವವನಿಗೆ ಮಾರಾಟ. ಬೆಲೆ ಏರ್ತಾ ಹೋಗಿದ್ದನ್ನು ಗಮನಿಸಿ, ಹುಡುಗಿ ಗಟ್ಟಿಯಾಗ್ತಿದ್ದಳು, ಕೆಲಸಕ್ಕೆ ಬರ್ತಿದ್ದಳು. ಅವನ ಮನೆಯಲ್ಲಿ ಹದಿನಾರು ವರ್ಷ ದುಡಿದಳು, ಮದುವೆಯಾಯಿತು, ಐದು ಮಕ್ಕಳಾದವು.

ನ್ಯೂಯಾರ್ಕ್ ರಾಜ್ಯ ಗುಲಾಮಗಿರಿಯನ್ನು ಕಂತುಕಂತಾಗಿ ಮುಗಿಸೋ ಕಾನೂನು ಮಾಡಿಕೊಂಡಿತ್ತು. 1799ರಲ್ಲಿ ಒಂದು, 1817ರಲ್ಲಿ ಇನ್ನೊಂದು. ಅದರ ಪ್ರಕಾರ ಅವಳ ಪೀಳಿಗೆಯವರಿಗೆ ಬಿಡುಗಡೆ 1827ರ ಜುಲೈ 4ಕ್ಕೆ. ಚೆನ್ನಾಗಿ ದುಡಿದರೆ ಒಂದು ವರ್ಷ ಮೊದಲೇ ಬಿಡ್ತೀನಿ ಅಂತ ಡ್ಯೂಮಾಂಟ್ ಮಾತು ಕೊಟ್ಟ. ಆ ವರ್ಷ ಅವಳ ಕೈಗೆ ಪೆಟ್ಟಾಗಿ ಬೆರಳು ಹಾಳಾಯಿತು. ಕೆಲಸ ಕಡಿಮೆಯಾಯಿತಲ್ಲ ಅಂತ ಅವನು ಮಾತು ತಪ್ಪಿದ. ಅವಳು ಜಗಳ ಆಡಲಿಲ್ಲ. ತಾನು ಎಷ್ಟು ಬಾಕಿ ಇದ್ದೀನಿ ಅಂತ ತಾನೇ ಲೆಕ್ಕ ಹಾಕಿ, ಸುಮಾರು ನೂರು ಪೌಂಡ್ ಉಣ್ಣೆ ನೂತು ಮುಗಿಸಿ, 1826ರ ಕೊನೆಯಲ್ಲಿ ಒಂದು ಬೆಳಗಿನ ಜಾವ ಕೈಗೂಸನ್ನೆತ್ತಿಕೊಂಡು ಹೊರಟುಬಿಟ್ಟಳು. ಉಳಿದ ಮಕ್ಕಳು ಅಲ್ಲೇ ಉಳಿದರು. ಕಾನೂನು ಆ ಮಕ್ಕಳನ್ನು ಇಪ್ಪತ್ತು ದಾಟುವವರೆಗೆ ಯಜಮಾನನಿಗೇ ಬರೆದುಕೊಟ್ಟಿತ್ತು. ಅವಳು ಓಡಲಿಲ್ಲ, ಹಗಲು ಬೆಳಕಿನಲ್ಲಿ ನಡೆದುಕೊಂಡು ಹೋದೆ ಅಂತಲೇ ಮುಂದೆ ಎಲ್ಲರಿಗೂ ಹೇಳುತ್ತಿದ್ದಳು. ಆಸರೆ ಕೊಟ್ಟ ವಾನ್ ವ್ಯಾಗನೆನ್ ದಂಪತಿ ಅವಳ ಉಳಿದ ಅವಧಿಗೆ ಡ್ಯೂಮಾಂಟ್ ಕೈಗೆ 20 ಡಾಲರ್ ಇಟ್ಟು ಕಳಿಸಿದರು.

ಅಷ್ಟರಲ್ಲಿ ಗೊತ್ತಾಯಿತು, ಐದು ವರ್ಷದ ಮಗ ಪೀಟರ್‌ನನ್ನು ಡ್ಯೂಮಾಂಟ್ ಮಾರಿದ್ದಾನೆ, ಕೈಯಿಂದ ಕೈಗೆ ದಾಟಿ ಹುಡುಗ ಅಲಬಾಮಾ ಸೇರಿದ್ದಾನೆ ಅಂತ. ಗುಲಾಮನನ್ನು ರಾಜ್ಯದ ಹೊರಗೆ ಮಾರುವುದು ನ್ಯೂಯಾರ್ಕಿನಲ್ಲಿ ಅಪರಾಧ. ಇಲ್ಲಿಂದ ಅವಳ ಬದುಕು ನನ್ನ ಪಾಲಿಗೆ ಬೇರೆಯದೇ ಆಗುತ್ತೆ. ಓದು ಬಾರದ, ಕೈಯಲ್ಲಿ ಕಾಸಿಲ್ಲದ, ಆಗಷ್ಟೇ ಬಿಡುಗಡೆಯಾದ ಒಬ್ಬಳು ಹೆಂಗಸು ಕಿಂಗ್‌ಸ್ಟನ್ ಪಟ್ಟಣದ ಕೋರ್ಟಿಗೆ ನಡೆದು ಹೋದಳು. ಕ್ವೇಕರ್ ಪಂಥದವರು ನೆರವಾದರು, ವಕೀಲರು ಸಿಕ್ಕರು. ತಿಂಗಳುಗಟ್ಟಲೆ ಓಡಾಡಿ 1828ರಲ್ಲಿ ಮಗನನ್ನು ವಾಪಸ್ ಪಡೆದಳು. ಬಿಳಿಯನ ಎದುರು ಕೋರ್ಟಿನಲ್ಲಿ ಗೆದ್ದ ಮೊದಮೊದಲ ಕಪ್ಪು ಹೆಂಗಸರಲ್ಲಿ ಅವಳೊಬ್ಬಳು. ಹುಡುಗ ಮಾತ್ರ ಹೆದರಿ ಹೋಗಿದ್ದ, ಇವಳು ನನ್ನ ಅಮ್ಮನೇ ಅಲ್ಲ ಅಂದ. ರಾತ್ರಿ ಬಟ್ಟೆ ಬಿಚ್ಚಿ ನೋಡಿದರೆ ಮೈತುಂಬ ಬಾಸುಂಡೆ. ಆ ಕೇಸಿನ ಕಾಗದಪತ್ರಗಳು ನ್ಯೂಯಾರ್ಕ್ ರಾಜ್ಯದ ದಾಖಲೆ ಭಂಡಾರದಲ್ಲಿ ಮತ್ತೆ ಕೈಗೆ ಸಿಕ್ಕಿದ್ದು 2022ರಲ್ಲಿ. ಅದರಲ್ಲಿ ಅವಳ ಸಹಿ ಇಲ್ಲ, ಒಂದು ಗುರುತು ಇದೆ. ಅವಳಿಗೆ ಬರೆಯಲು ಬರ್ತಿರಲಿಲ್ಲ.

ಮುಂದಿನ ಹದಿನೈದು ವರ್ಷ ನ್ಯೂಯಾರ್ಕ್ ನಗರ, ಮನೆಗೆಲಸ. ಮಧ್ಯೆ ಒಬ್ಬ ಸ್ವಘೋಷಿತ ಪ್ರವಾದಿಯ ಗುಂಪಿಗೆ ಸಿಕ್ಕಿಕೊಂಡು, ಕೊಲೆ ಆರೋಪ ಮೈಮೇಲೆ ಬಂದು, ಆರೋಪ ಹೊರಿಸಿದವರ ಮೇಲೆ ಮಾನನಷ್ಟ ಕೇಸು ಹಾಕಿ ಅದನ್ನೂ ಗೆದ್ದಳು. ಅದು ಬೇರೆಯದೇ ದೊಡ್ಡ ಕಥೆ, ಈಗ ಬೇಡ. ಪೀಟರ್ ದೊಡ್ಡವನಾಗಿ 1839ರಲ್ಲಿ ತಿಮಿಂಗಿಲ ಬೇಟೆಯ ಹಡಗು ಹತ್ತಿದ. ಮೂರು ಕಾಗದ ಬಂದವು. ಹಡಗು 1842ರಲ್ಲಿ ವಾಪಸ್ ಬಂತು, ಅದರಲ್ಲಿ ಅವನಿರಲಿಲ್ಲ. ಕೋರ್ಟಿನಿಂದ ಗೆದ್ದು ತಂದ ಮಗ ಏನಾದ ಅಂತ ಅವಳಿಗೆ ಕೊನೆವರೆಗೂ ತಿಳಿಯಲಿಲ್ಲ.

1843ರ ಜೂನ್ 1ರಂದು ಅವಳು ಹೆಸರು ಬದಲಿಸಿಕೊಂಡಳು. ಇಸಬೆಲ್ಲಾ ಅನ್ನೋದು ಯಜಮಾನರ ಲೋಕದ ಹೆಸರು, ಮನೆತನದ ಹೆಸರು ಅಂತ ಅಂಟಿಕೊಂಡು ಬಂದದ್ದೂ ಯಜಮಾನರದ್ದೇ. ಎಲ್ಲವನ್ನೂ ಬಿಟ್ಟು ಸೋಜರ್ನರ್ ಟ್ರೂತ್ ಆದಳು. ಒಂದು ದಿಂಬಿನ ಚೀಲದಲ್ಲಿ ಬಟ್ಟೆ ತುಂಬಿಕೊಂಡು, ನಲವತ್ತಾರರ ಹೆಂಗಸು, ಸತ್ಯ ಹೇಳುತ್ತಾ ಅಲೆಯುತ್ತೇನೆ ಅಂತ ಕಾಲ್ನಡಿಗೆಯಲ್ಲಿ ಹೊರಟಳು. ನಮ್ಮ ಕಡೆ ಜಾತಿ ಸೂಚಿಸುವ ಹೆಸರು ಕಿತ್ತು ಹಾಕಿ ಹೊಸ ಹೆಸರಿಟ್ಟುಕೊಂಡವರಿಗೆ ಆ ದಿನದ ತೂಕ ಗೊತ್ತಿರುತ್ತೆ.

ಮ್ಯಾಸಚೂಸೆಟ್ಸಿನ ನಾರ್ಥಾಂಪ್ಟನ್ ಹತ್ತಿರ ರೇಷ್ಮೆ ಬೆಳೆದು ಸಮಾನವಾಗಿ ಬದುಕಲು ಹೊರಟಿದ್ದ ಒಂದು ಸಮುದಾಯದಲ್ಲಿ ನೆಲೆ ಸಿಕ್ಕಿತು. ಅಲ್ಲೇ ಗುಲಾಮಗಿರಿ ವಿರೋಧಿ ಹೋರಾಟದ ಗ್ಯಾರಿಸನ್, ಫ್ರೆಡರಿಕ್ ಡಗ್ಲಸ್ ಪರಿಚಯ. 1850ರಲ್ಲಿ, ಅವಳು ಹೇಳಿ ಗೆಳತಿ ಆಲಿವ್ ಗಿಲ್ಬರ್ಟ್ ಬರೆದುಕೊಂಡ ಆತ್ಮಕಥೆ ಅಚ್ಚಾಯಿತು. ಹೋದಲ್ಲೆಲ್ಲ ಆ ಪುಸ್ತಕ ಮಾರಿದಳು, ಅದೇ ವರ್ಷ 300 ಡಾಲರಿಗೆ ಸ್ವಂತದ್ದೊಂದು ಮನೆ ಕೊಂಡಳು.

ಅವಳ ಹೆಸರು ಕೇಳಿದವರಿಗೆ ಗೊತ್ತಿರೋದು ಒಂದೇ, 1851ರ ಮೇ ತಿಂಗಳಲ್ಲಿ ಓಹಾಯೋದ ಆಕ್ರನ್‌ನಲ್ಲಿ ನಡೆದ ಮಹಿಳಾ ಹಕ್ಕುಗಳ ಸಮಾವೇಶದ ಭಾಷಣ. ಇನ್‌ಸ್ಟಾಗ್ರಾಂ ಪೋಸ್ಟರುಗಳಲ್ಲಿ ಮಾರ್ಚ್ 8ರಂದು ಓಡಾಡುವ ಆ ಸಾಲು ಇಲ್ಲಿ ಸಿಗಲ್ಲ. ಯಾಕೆ ಅಂದ್ರೆ, ಅದು ಅವಳದ್ದು ಅಂತ ನಾನು ನಂಬಲ್ಲ. ಭಾಷಣವಾದ ಕೆಲವೇ ವಾರಕ್ಕೆ ಅವಳ ಪರಿಚಯದ ಪತ್ರಕರ್ತ ಮೇರಿಯಸ್ ರಾಬಿನ್‌ಸನ್ ವರದಿ ಅಚ್ಚು ಮಾಡಿದ, ಅದರಲ್ಲಿ ಆ ಸಾಲಿಲ್ಲ. ಹನ್ನೆರಡು ವರ್ಷ ಆದ ಮೇಲೆ, 1863ರಲ್ಲಿ, ಸಮಾವೇಶದ ಅಧ್ಯಕ್ಷೆ ಆಗಿದ್ದ ಫ್ರಾನ್ಸಿಸ್ ಗೇಜ್ ತನ್ನ ನೆನಪಿನಿಂದ ಬರೆದ ರೂಪದಲ್ಲಿ ಅದು ಕಾಣಿಸಿಕೊಂಡಿತು. ಗೇಜ್ ಅವಳ ಬಾಯಿಗೆ ದಕ್ಷಿಣದ ಗುಲಾಮರ ಆಡುಮಾತು ತುರುಕಿದಳು, ಐದಿದ್ದ ಮಕ್ಕಳನ್ನು ಹದಿಮೂರು ಮಾಡಿದಳು. ಡಚ್ ಮಾತಾಡಿ ಬೆಳೆದ ನ್ಯೂಯಾರ್ಕಿನ ಹೆಂಗಸು ದಕ್ಷಿಣದವಳ ಹಾಗೆ ಮಾತಾಡಿರೋದು ಹೇಗೆ? ಗೇಜ್ ಕೆಟ್ಟವಳೇನಲ್ಲ, ಹೋರಾಟದ ಸಂಗಾತಿಯೇ. ಕಪ್ಪು ಹೆಂಗಸು ಹೀಗೇ ಮಾತಾಡಬೇಕು ಅನ್ನೋ ಒಂದು ಅಚ್ಚು ಅವಳ ತಲೆಯಲ್ಲಿತ್ತು, ಅಷ್ಟೆ. ದಮನಿತರ ದನಿಯನ್ನು ಅವರ ಪರವಾಗಿರುವವರೇ ತಿದ್ದಿ ಚೆಂದ ಮಾಡುವ ಈ ಅಭ್ಯಾಸ ನಮ್ಮ ಸಭೆಗಳಲ್ಲೂ ಇದೆ, ನನ್ನ ಬರಹಗಳಲ್ಲೂ ಇದ್ದೀತು.

ಮಾತು ಅವಳ ಕೈಮೀರಿತು. ಚಿತ್ರವನ್ನು ಅವಳು ಬಿಟ್ಟುಕೊಡಲಿಲ್ಲ. ನನಗೆ ಅವಳ ಇಡೀ ಬದುಕಿನಲ್ಲಿ ಅತಿ ಹೆಚ್ಚು ಇಷ್ಟವಾಗುವ ಭಾಗ ಇದೇ.

ಅಂತರ್ಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಅಂಗೈಯಗಲದ ಕಾರ್ಡಿಗೆ ಅಂಟಿಸಿದ ಫೋಟೋಗಳ ಹುಚ್ಚು ಹಬ್ಬಿತ್ತು. ಜನ ಕೊಳ್ಳುತ್ತಿದ್ದರು, ಆಲ್ಬಮ್ಮಿನಲ್ಲಿಡುತ್ತಿದ್ದರು, ಅಂಚೆಯಲ್ಲಿ ಕಳಿಸುತ್ತಿದ್ದರು. 1863ರಿಂದ ಸೋಜರ್ನರ್ ಸ್ಟುಡಿಯೋಗಳಿಗೆ ಹೋಗಿ ಕೂತಳು. ಆ ಕಾಲಕ್ಕೆ ಜನಪ್ರಿಯವಾಗಿದ್ದದ್ದು ಬೆನ್ನ ಮೇಲಿನ ಚಾಟಿ ಗಾಯ ತೋರಿಸುವ ಗುಲಾಮರ ಚಿತ್ರಗಳು. ಅವಳ ಬೆನ್ನಲ್ಲೂ ಗಾಯ ಇತ್ತು. ತೋರಿಸಲಿಲ್ಲ. ಬಿಳಿ ಶಾಲು, ಬಿಳಿ ಟೋಪಿ, ಕನ್ನಡಕ, ಕೈಯಲ್ಲಿ ಹೆಣಿಗೆಯ ನೂಲು, ಪಕ್ಕದಲ್ಲಿ ಪುಸ್ತಕ, ಹೂವು. ಮರ್ಯಾದಸ್ಥ, ದುಡಿಯುವ ಹೆಂಗಸಾಗಿ ಕೂತಳು. ಒಂದರಲ್ಲಿ ಮಡಿಲ ಮೇಲೆ ಇನ್ನೊಂದು ಪುಟ್ಟ ಫೋಟೋ ಇದೆ, 54ನೇ ಮ್ಯಾಸಚೂಸೆಟ್ಸ್ ರೆಜಿಮೆಂಟಿಗೆ ಸೇರಿ ಯುದ್ಧಕ್ಕೆ ಹೋದ ಮೊಮ್ಮಗ ಜೇಮ್ಸ್‌ನದ್ದು.

ಕಾರ್ಡಿನ ಕೆಳಗೆ ಒಂದು ಸಾಲು ಅಚ್ಚು ಹಾಕಿಸಿದಳು. ತನ್ನ ನೆರಳನ್ನು ಮಾರಿ ತಾನು ಬದುಕುತ್ತಿದ್ದೇನೆ ಅನ್ನುವ ಅರ್ಥದ್ದು. ಫೋಟೋವನ್ನು ನೆರಳು ಅನ್ನುವುದು ಆಗಿನ ವಾಡಿಕೆ. ಮೊದಲು ಬೇರೆಯವರು ಅವಳ ಮೈಯನ್ನೇ ಮಾರಿ ದುಡ್ಡು ಎಣಿಸಿದ್ದರು. ಈಗ ನೆರಳು ಮಾತ್ರ ಮಾರಾಟಕ್ಕೆ, ಮಾರುವವಳು ಅವಳೇ. ಇನ್ನೂ ಮುಖ್ಯವಾದದ್ದು ಕಾರ್ಡಿನ ಹಿಂಬದಿ. ಸಾಮಾನ್ಯವಾಗಿ ಫೋಟೋದ ಹಕ್ಕು ತೆಗೆದವನ ಹೆಸರಿನಲ್ಲಿರುತ್ತಿತ್ತು. ಇವಳು 1864ರಲ್ಲಿ ಮಿಶಿಗನ್ನಿನ ಫೆಡರಲ್ ಕೋರ್ಟಿನ ಕಚೇರಿಯಲ್ಲಿ ತನ್ನ ಚಿತ್ರದ ಹಕ್ಕನ್ನು ತನ್ನ ಹೆಸರಿಗೇ ನೋಂದಾಯಿಸಿಕೊಂಡಳು. ಅಕ್ಷರ ಬಾರದವಳು ಕಾಪಿರೈಟ್ ಅಂದ್ರೆ ಏನು ಅನ್ನೋದನ್ನು ನಮ್ಮಲ್ಲಿ ಎಷ್ಟೋ ಜನರಿಗಿಂತ ಚೆನ್ನಾಗಿ ತಿಳಿದಿದ್ದಳು.

ಉಳಿದದ್ದನ್ನು ಬೇಗ ಹೇಳ್ತೀನಿ. ಕಪ್ಪು ಸೈನಿಕರಿಗೆ ಊಟ, ಬಟ್ಟೆ ಒಟ್ಟುಮಾಡಿದಳು. 1864ರ ಅಕ್ಟೋಬರಿನಲ್ಲಿ ಲಿಂಕನ್‌ನನ್ನು ಕಂಡಳು. ವಾಷಿಂಗ್ಟನ್ನಿನಲ್ಲಿ ಬಿಡುಗಡೆಯಾದ ಗುಲಾಮರ ಶಿಬಿರಗಳಲ್ಲಿ ದುಡಿದಳು. 1865ರಲ್ಲಿ ಅಲ್ಲಿನ ಟ್ರಾಮ್‌ನಿಂದ ಕಂಡಕ್ಟರ್ ಅವಳನ್ನು ತಳ್ಳಿ ಭುಜಕ್ಕೆ ಪೆಟ್ಟಾದಾಗ ಅವನನ್ನು ಬಂಧಿಸುವಂತೆ ಮಾಡಿದಳು, ಅವನ ಕೆಲಸ ಹೋಯಿತು. ರೋಸಾ ಪಾರ್ಕ್ಸ್ ಬಸ್ಸಿಗೆ ತೊಂಬತ್ತು ವರ್ಷ ಮೊದಲು. ಕಪ್ಪು ಗಂಡಸರಿಗೆ ಮೊದಲು ಮತ ಸಿಗಲಿ, ಹೆಂಗಸರು ಕಾಯಲಿ ಅಂದಾಗ, ಹಾಗಾದರೆ ಕಪ್ಪು ಹೆಂಗಸಿಗೆ ಯಜಮಾನ ಬದಲಾದ ಹಾಗಾಯಿತೇ ಹೊರತು ಬೇರೇನಿಲ್ಲ ಅಂತ 1867ರಲ್ಲೇ ಎಚ್ಚರಿಸಿದಳು. 1872ರಲ್ಲಿ ತನ್ನೂರು ಬ್ಯಾಟಲ್ ಕ್ರೀಕಿನ ಮತಗಟ್ಟೆಗೆ ಹೋದಳು, ವಾಪಸ್ ಕಳಿಸಿದರು. ಬಿಡುಗಡೆಯಾದವರಿಗೆ ಪಶ್ಚಿಮದಲ್ಲಿ ಭೂಮಿ ಕೊಡಿ ಅಂತ ವರ್ಷಗಟ್ಟಲೆ ಸಹಿ ಸಂಗ್ರಹಿಸಿದಳು, ಒಂದಡಿ ನೆಲವೂ ಸಿಗಲಿಲ್ಲ. ನನ್ನ ಮಟ್ಟಿಗೆ ಅದು ಅವಳ ಅತಿ ದೊಡ್ಡ ಬೇಡಿಕೆ, ಅತಿ ಕಡಿಮೆ ನೆನಪಾಗುವ ಬೇಡಿಕೆಯೂ ಹೌದು. ಆ ಮನವಿ ಹೊತ್ತು ಅವಳು ಅಲೆಯುತ್ತಿದ್ದ ದಿನಗಳಲ್ಲೇ, 1873ರಲ್ಲಿ, ಪುಣೆಯಲ್ಲಿ ಜೋತಿಬಾ ಫುಲೆ ತಮ್ಮ ಗುಲಾಮಗಿರಿ ಪುಸ್ತಕವನ್ನು ಅಲ್ಲಿನ ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕನ್ನರಿಗೆ ಅರ್ಪಿಸಿದರು. 1883ರ ನವೆಂಬರ್ 26ರಂದು ಅವಳು ತೀರಿಕೊಂಡಳು.

ಈಗ ಗಾಡಿಯ ಕಥೆ. ನಾಸಾದ ಮಾರ್ಸ್ ಪಾತ್‌ಫೈಂಡರ್ ಜೊತೆ ಹೋಗಬೇಕಿದ್ದ ರೋವರ್‌ಗೆ ಹೆಸರಿಡಲು ಮಕ್ಕಳಿಗೆ ಪ್ರಬಂಧ ಸ್ಪರ್ಧೆ ನಡೆಯಿತು. ಒಬ್ಬ ಸಾಧಕಿಯನ್ನು ಆರಿಸಿ, ಅವಳ ಹೆಸರು ಯಾಕೆ ಅಂತ ಬರೆಯಬೇಕು. ಬಂದ ಸುಮಾರು 3,500 ಪ್ರಬಂಧಗಳಲ್ಲಿ ಗೆದ್ದದ್ದು ಕನೆಕ್ಟಿಕಟ್‌ನ 12 ವರ್ಷದ ಹುಡುಗಿಯದ್ದು. ರೋವರ್ ಕಟ್ಟಿದ ತಂಡದ ಮುಖ್ಯಸ್ಥೆಯೂ ಹೆಂಗಸೇ, ಡೊನ್ನಾ ಶರ್ಲಿ. 10 ಕಿಲೋ ಚಿಲ್ಲರೆ ತೂಕ, ಸೆಕೆಂಡಿಗೆ ಒಂದು ಸೆಂಟಿಮೀಟರ್ ವೇಗ. ನೌಕೆ ಮಂಗಳ ಮುಟ್ಟಿದ್ದು 1997ರ ಜುಲೈ 4ರಂದು, ಆಗ ನಮ್ಮಲ್ಲಿ ರಾತ್ರಿ ಹತ್ತೂವರೆ. ತಾರೀಖು ನೋಡಿದಿರಾ? ನ್ಯೂಯಾರ್ಕಿನ ಗುಲಾಮರ ಬಿಡುಗಡೆಯ ದಿನ ಅದು, ಸರಿಯಾಗಿ 170 ವರ್ಷದ ನಂತರ. ನಾಸಾ ಆ ದಿನ ಆರಿಸಿಕೊಂಡದ್ದು ತನ್ನ ದೇಶದ ಸ್ವಾತಂತ್ರ್ಯ ದಿನ ಅಂತ.

ಆ ಬೇಸಿಗೆ ಜಗತ್ತಿನ ಮೊದಲ ಇಂಟರ್ನೆಟ್ ಜಾತ್ರೆ. ಟಿವಿಗೆ ಕಾಯದೆ ಜನ ನೇರವಾಗಿ ನಾಸಾದ ಪುಟಗಳಿಗೆ ಮುಗಿಬಿದ್ದರು, ಮೊದಲ ತಿಂಗಳಲ್ಲೇ ಹಿಟ್‌ಗಳ ಲೆಕ್ಕ 50 ಕೋಟಿ ದಾಟಿತು. ಕಲ್ಲುಗಳಿಗೆ ಯೋಗಿ, ಸ್ಕೂಬಿ ಡೂ ಅಂತ ಕಾರ್ಟೂನ್ ಹೆಸರುಗಳು. ಇವತ್ತು ನನ್ನ ಬೆಳಗಿನ ಚಟ ಇರೋದು ಆ ಜಾತ್ರೆಯಿಂದ. ಆಮೇಲಿನ ನಾಸಾ ರೋವರ್‌ಗಳ ಹೆಸರು ಗಮನಿಸಿ: ಸ್ಪಿರಿಟ್, ಆಪರ್ಚುನಿಟಿ, ಕ್ಯೂರಿಯಾಸಿಟಿ, ಪರ್ಸೆವೆರೆನ್ಸ್. ಎಲ್ಲವೂ ಗುಣವಾಚಕ, ಯಾರಿಗೂ ನೋಯದ ಹೆಸರುಗಳು. ಪರ್ಸೆವೆರೆನ್ಸ್ ಇಳಿದ ಜಾಗಕ್ಕೆ ಕಪ್ಪು ಲೇಖಕಿ ಆಕ್ಟೇವಿಯಾ ಬಟ್ಲರ್ ಹೆಸರಿಟ್ಟರು, ಅದು ನಿಜ. ಆದರೂ ಮಾರಾಟವಾದ ಹೆಂಗಸಿನ ಹೆಸರನ್ನು ಯಂತ್ರದ ಮೈಮೇಲೆ ಬರೆದದ್ದು ಆ ಒಂದೇ ಸಲ.

ನಮ್ಮ ಪ್ರಜ್ಞಾನ್ ಕಥೆಯೂ ಹೀಗೇ ಪುಟ್ಟದು. 2023ರ ಆಗಸ್ಟಿನಲ್ಲಿ ಚಂದ್ರನ ಮೇಲೆ ಸುಮಾರು ನೂರು ಮೀಟರ್ ಓಡಾಡಿತು, ಸೋಜರ್ನರ್ ಓಡಿದ್ದೂ ಹೆಚ್ಚುಕಡಿಮೆ ಅಷ್ಟೇ. ಅದರ ಕಣ್ಣುಗಳು ತಯಾರಾದದ್ದು ಬೆಂಗಳೂರಿನ ಇಸ್ರೋ ಪ್ರಯೋಗಾಲಯದಲ್ಲಿ, ಸಂಕೇತ ಹಿಡಿದದ್ದು ಬ್ಯಾಲಾಳಿನ ದೊಡ್ಡ ಆಂಟೆನಾ. ಆದರೆ ಆ ಹತ್ತು ಹನ್ನೆರಡು ದಿನ ನಮಗೆ ಸಿಕ್ಕಿದ್ದು ಇಸ್ರೋ ಆರಿಸಿ ಕೊಟ್ಟ ಬೆರಳೆಣಿಕೆಯ ಚಿತ್ರಗಳು. ಉಳಿದ ದತ್ತಾಂಶ ಸಾರ್ವಜನಿಕರ ಮುಂದೆ ಬಂದದ್ದು ಒಂದು ವರ್ಷದ ನಂತರ. ತೆರಿಗೆ ಕಟ್ಟಿದವರ ದುಡ್ಡಿನ ಚಿತ್ರಗಳು ಅವತ್ತವತ್ತೇ ಹಸಿಯಾಗೇ ಜನರಿಗೆ ಸಿಗಬೇಕು ಅನ್ನೋದು ನನ್ನ ಹಟ. ಚಿತ್ರ ಯಾರದ್ದು, ಯಾರು ಯಾವಾಗ ತೋರಿಸಬೇಕು ಅನ್ನೋ ಪ್ರಶ್ನೆಯನ್ನು 1864ರಲ್ಲೇ ಕೋರ್ಟಿನ ಕಚೇರಿಗೆ ಒಯ್ದವಳ ಬಗ್ಗೆ ಓದಿದ ಮೇಲೆ ಆ ಹಟ ಜಾಸ್ತಿಯಾಗಿದೆ.

ಪ್ರಜ್ಞಾನ್ ಹಾಗೆಯೇ ಸೋಜರ್ನರ್‌ಗೂ ಭೂಮಿಯ ಜೊತೆ ನೇರ ಮಾತಿರಲಿಲ್ಲ. ತಾನು ಕಂಡದ್ದನ್ನು ಲ್ಯಾಂಡರ್‌ಗೆ ಹೇಳಬೇಕು, ಲ್ಯಾಂಡರ್ ನಮಗೆ ದಾಟಿಸಬೇಕು. ಒಂದು ವಾರ ಬಾಳಲಿ ಅಂತ ಮಾಡಿದ ಗಾಡಿ 83 ಮಂಗಳದಿನ ಓಡಿತು, ಲ್ಯಾಂಡರ್‌ನಿಂದ 12 ಮೀಟರಿಗಿಂತ ದೂರ ಹೋಗದೆ 550 ಚಿತ್ರ ಕಳಿಸಿತು. ಸೆಪ್ಟೆಂಬರ್ 27ಕ್ಕೆ ಲ್ಯಾಂಡರ್ ದನಿ ನಿಂತಿತು. ಗಾಡಿ ಆಗಲೂ ಚೆನ್ನಾಗೇ ಇತ್ತು. ಮೇಲಿನಿಂದ ಆದೇಶ ಬರದೇ ಹೋದರೆ ಲ್ಯಾಂಡರ್ ಹತ್ತಿರಕ್ಕೆ ಬಂದು ಅದರ ಸುತ್ತ ಸುತ್ತುತ್ತಾ ಕಾಯಬೇಕು ಅಂತ ಅದಕ್ಕೆ ಮೊದಲೇ ಹೇಳಿಕೊಟ್ಟಿದ್ದರು. ಎಷ್ಟು ದಿನ ಸುತ್ತಿತೋ, ಸುತ್ತುವಾಗ ಕ್ಯಾಮೆರಾದಲ್ಲಿ ಏನು ಕಂಡಿತೋ, ಆ ಚಿತ್ರಗಳು ಮಾತ್ರ ಯಾರ ಕೈಗೂ ಬರಲಿಲ್ಲ.